ಗಣಕಯಂತ್ರ ಕೊಳ್ಳುವ ಮುನ್ನ: ರಿಚ್ಚಿ ಸ್ಟ್ರೀಟಿಗೆ ಹೋಗುವವರಿಗೆ ಕೆಲವು ಹಿತನುಡಿಗಳು

ಊರು ಬಿಟ್ಟು ಬಂದು ಚೆನ್ನೈ ನಗರದಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆಯೋ, ಅಡುಗೆಮನೆಯಲ್ಲೋ, ಕಚೇರಿಯ ಗುಮಾಸ್ತೆಯ ಮೇಜಿನಲ್ಲೋ ದುಡಿಯುತ್ತಿರುವ ಕನ್ನಡಿಗರ ಪಾಲಿಗೆ ಗಣಕಯಂತ್ರವು ಇಂದು ಭೋಗದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಕಾಲೇಜಿನ ಅರ್ಜಿ ಮತ್ತು ಅಭ್ಯಾಸ, ಊರಿನ ಜಮೀನಿನ ಪಹಣಿ, ಹೋಟೆಲಿನ ಜಿ.ಎಸ್.ಟಿ. ಲೆಕ್ಕ, ಇವೆಲ್ಲವೂ ಬಹುಮಟ್ಟಿಗೆ ಆ ಯಂತ್ರದ ಮೂಲಕವೇ ನಡೆಯುತ್ತಿವೆ. ಆದರೆ ಒಂದೆರಡು ತಿಂಗಳ ಸಂಬಳವನ್ನು ಒಮ್ಮೆಗೇ ನುಂಗುವ ಈ ವಸ್ತುವನ್ನು ಕೊಳ್ಳುವಾಗ ನಮ್ಮವರಲ್ಲಿ ಅನೇಕರು ತರಕಾರಿ ಕೊಳ್ಳುವಷ್ಟು ಎಚ್ಚರವನ್ನೂ ತೋರುವುದಿಲ್ಲ. ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ಗೃಹಸ್ಥನು ಗಣಕಯಂತ್ರದ ಅಂಗಡಿಯಲ್ಲಿ ಮಾತ್ರ ಮಾರುವವನ ಮುಖವನ್ನು ನೋಡಿ ಹಣ ಎಣಿಸುತ್ತಾನೆ. ಯಂತ್ರದ ವಿಷಯದಲ್ಲಿಯೂ ಹುಳುಕನ್ನು ಹುಡುಕುವ ಬಗೆ ಉಂಟು. ಅದಕ್ಕೆ ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಈಗೇಕೆ ಈ ಎಚ್ಚರಿಕೆ?

ಮೌಂಟ್ ರೋಡಿನಿಂದ ಚಿಂತಾದ್ರಿಪೇಟೆಯ ಕಡೆಗೆ ತಿರುಗಿದರೆ ಸಿಗುವ ರಿಚ್ಚಿ ಸ್ಟ್ರೀಟು, ಅದಕ್ಕೆ ಹೊಂದಿಕೊಂಡ ನರಸಿಂಗಪುರಂ ಬೀದಿ, ಇವು ಗಣಕಯಂತ್ರದ ವ್ಯಾಪಾರಕ್ಕೆ ದೇಶದಲ್ಲೆಲ್ಲ ಹೆಸರಾದ ಸ್ಥಳಗಳು. ಬೆಂಗಳೂರಿನವರಿಗೆ ಎಸ್.ಪಿ. ರೋಡು ಹೇಗೋ ಚೆನ್ನೈಯವರಿಗೆ ಇದು ಹಾಗೆ. ಹೊಸ ಯಂತ್ರ, ಹಳೆಯ ಯಂತ್ರ, ಬಿಡಿಭಾಗ, ರಿಪೇರಿ, ಎಲ್ಲವೂ ಇಲ್ಲಿ ಕೂಗಳತೆಯಲ್ಲಿ ದೊರೆಯುತ್ತವೆ.

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11, ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಕಚೇರಿಗಳು ಇಂಥ ಯಂತ್ರಗಳನ್ನು ಕೈಬಿಟ್ಟಾಗ ಅವು ಒರೆಸಿ, ಹೊಳಪು ಕೊಟ್ಟು ಹಳೆಯ ಮಾಲಿನ ಅಂಗಡಿಗಳನ್ನು ಸೇರುತ್ತವೆ. ಬೆಲೆ ಅಗ್ಗ, ಕಣ್ಣಿಗೂ ಚೆನ್ನ. ಆದರೆ ಭದ್ರತೆಯ ಪರಿಷ್ಕರಣೆ ನಿಂತುಹೋದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಬೀಗ ಸಡಿಲವಾದ ಪೆಟ್ಟಿಗೆಯಲ್ಲಿ ಸಂಬಳವನ್ನು ಇಟ್ಟಂತೆಯೇ ಸರಿ.

ಅಡುಗೆಮನೆಯ ಉಪಮಾನ

ಗಣಕಯಂತ್ರದ ಒಳಗಿನ ವ್ಯವಸ್ಥೆಯನ್ನು ಹೋಟೆಲಿನವರು ಸುಲಭವಾಗಿ ತಿಳಿಯಬಹುದು. ಪ್ರೊಸೆಸರ್ ಎಂಬುದು ಅಡುಗೆ ಭಟ್ಟ. ರ‍್ಯಾಮ್ ಎಂಬುದು ಭಟ್ಟನ ಮುಂದಿರುವ ಮೇಜು; ಆ ಹೊತ್ತಿಗೆ ಬೇಕಾದ ಸಾಮಾನುಗಳಷ್ಟೇ ಅದರ ಮೇಲಿರುತ್ತವೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬುದು ಉಗ್ರಾಣ. ದೀಪ ಆರಿದ ಮೇಲೂ ಎಲ್ಲವೂ ಅಲ್ಲಿ ಭದ್ರವಾಗಿರುತ್ತದೆ. ಭಟ್ಟ ಎಷ್ಟೇ ಚುರುಕಾದರೂ ಮೇಜು ಕಿರಿದಾಗಿದ್ದರೆ, ಉಗ್ರಾಣದಿಂದ ಸಾಮಾನು ತರುವವನು ನಿಧಾನಿಯಾಗಿದ್ದರೆ, ದೋಸೆ ಹೊತ್ತಿಗೆ ಸರಿಯಾಗಿ ಬಾರದು.

ಆದುದರಿಂದ ಭಟ್ಟನ ಹೆಸರನ್ನು ಮಾತ್ರ ಕೇಳಿ ಯಂತ್ರ ಕೊಳ್ಳಕೂಡದು. ಪತ್ರ ಬರೆಯುವುದು, ಲೆಕ್ಕ ಇಡುವುದು, ಮಕ್ಕಳ ಪಾಠ, ಇಷ್ಟೇ ಕೆಲಸವಿದ್ದರೆ 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಸಾಕು. ತಿರುಗುವ ತಟ್ಟೆಯುಳ್ಳ ಹಳೆಯ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿಯು ಹಲವು ಪಟ್ಟು ವೇಗವಾದುದು. ಯಂತ್ರ ನಿಧಾನವಾಯಿತೆಂದು ಹೊಸದಕ್ಕೆ ಸಾಲ ಮಾಡಹೊರಟವರು ಮೊದಲು ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ ನೋಡತಕ್ಕದ್ದು. ಅನೇಕ ವೇಳೆ ಅದರಿಂದಲೇ ಹಳೆಯ ಯಂತ್ರಕ್ಕೆ ಹೊಸ ಜೀವ ಬರುತ್ತದೆ. ರ‍್ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಭೇದವನ್ನು ಗಮನಿಸಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದಾಗಿ, ರ‍್ಯಾಮ್ ಬೆಲೆ ಲೋಕದಲ್ಲೆಲ್ಲ ಏರಿತು. ಆದ್ದರಿಂದ ಮೂರು ಅಂಗಡಿಗಳಲ್ಲಿ ದರ ವಿಚಾರಿಸದೆ ಕೈ ಚೀಲಕ್ಕೆ ಹೋಗಬಾರದು.

ಅಂಕೆಯಲ್ಲಿ ಅಡಗಿದ ವಯಸ್ಸು

ಹಳೆಯ ಯಂತ್ರದ ವಯಸ್ಸನ್ನು ಅದರ ಬಣ್ಣದಿಂದಲ್ಲ, ಪ್ರೊಸೆಸರಿನ ಅಂಕೆಯಿಂದ ತಿಳಿಯಬೇಕು. ಇಂಟೆಲ್ ಐ5-6500 ಎಂದಿದ್ದರೆ ಮೊದಲಿನ 6, ಅದು ಆರನೆಯ ತಲೆಮಾರಿನದೆಂಬುದಕ್ಕೆ ಗುರುತು. ಐ5-8500 ಎಂದಿದ್ದರೆ ಎಂಟನೆಯದು. ಐ5-10400 ಎಂದಿದ್ದರೆ ಹತ್ತನೆಯದು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕೂ ಈಚಿನದು ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. “ಐ5 ಸ್ವಾಮಿ, ಒಳ್ಳೆಯ ಮಾಲು” ಎಂದು ಅಂಗಡಿಯಾತ ಹೇಳಿದರೆ, “ಎಷ್ಟನೆಯ ತಲೆಮಾರು?” ಎಂದು ಮರುಪ್ರಶ್ನೆ ಹಾಕಿರಿ. ಆ ಒಂದು ಪ್ರಶ್ನೆಯಿಂದಲೇ ನೀವು ತಿಳಿದವರೆಂಬುದು ಆತನಿಗೆ ಮನವರಿಕೆಯಾಗುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪಿಸಿ ಹೆಲ್ತ್ ಚೆಕ್ ಎಂಬ ಸಾಧನವನ್ನು ಅಂಗಡಿಯಲ್ಲಿಯೇ ಓಡಿಸಿ ನೋಡಲು ಸಂಕೋಚಪಡಬೇಕಾಗಿಲ್ಲ. ಅನರ್ಹ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರೂ ಉಂಟು. ಅಂಥ ಯಂತ್ರಕ್ಕೆ ಮುಂದೆ ಪರಿಷ್ಕರಣೆ ಬಂದೇ ಬರುವುದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಹಾಗಾದರೆ ಆರನೆಯ, ಏಳನೆಯ ತಲೆಮಾರಿನ ಯಂತ್ರಗಳನ್ನು ಗುಜರಿಗೆ ಎಸೆಯಬೇಕೆ? ಖಂಡಿತ ಇಲ್ಲ. ಅವುಗಳಲ್ಲಿ ಲಿನಕ್ಸ್ ಎಂಬ ಉಚಿತ ತಂತ್ರಾಂಶವು ಚೆನ್ನಾಗಿ ನಡೆಯುತ್ತದೆ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಪ್ರಸಿದ್ಧವಾಗಿವೆ. ಇದೇ ಚೆನ್ನೈಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಕೂಡ ಉಂಟು. ಲಿಬ್ರೆ ಆಫೀಸ್‌ನಲ್ಲಿ ಪತ್ರವನ್ನೂ ಲೆಕ್ಕವನ್ನೂ ಕಾಸು ಕೊಡದೆ ಮಾಡಿಕೊಳ್ಳಬಹುದು. ಆದರೆ ಅಂಥ ಯಂತ್ರಕ್ಕೆ ಆ ಯೋಗ್ಯತೆಯ ಬೆಲೆಯನ್ನಷ್ಟೇ ಕೊಡತಕ್ಕದ್ದು. ಮಕ್ಕಳ ಕಾಲೇಜಿನವರು ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವನ್ನು ಹೇಳಿದ್ದಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಕನ್ನಡದ ಅಕ್ಷರಗಳಿಗೆಂದು ಬೇರೆ ಹಣ ಕೇಳಿದರೆ ಕೊಡಬೇಡಿರಿ. ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ಕನ್ನಡದ ಕೀಲಿಮಣೆ ಅಡಕವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಸೇರಿಸಿಕೊಂಡರೆ ಆಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಉಂಟು. ಬರೆಯುವಾಗ ಯೂನಿಕೋಡ್ ಅಕ್ಷರಗಳನ್ನೇ ಬಳಸಿದರೆ ಊರಿಗೆ ಕಳುಹಿಸಿದ ಪತ್ರವು ಅಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವ ಪೇಚು ತಪ್ಪುತ್ತದೆ.

ರಸೀತಿಯೇ ರಕ್ಷೆ

ಜಿ.ಎಸ್.ಟಿ. ಬಿಲ್ಲು ಬೇಡವೆಂದರೆ ಶೇಕಡಾ 18 ಉಳಿಯುತ್ತದೆಂಬ ಆಮಿಷವನ್ನು ಒಡ್ಡುವವರು ಎಲ್ಲ ಪೇಟೆಗಳಲ್ಲಿಯೂ ಇದ್ದಾರೆ. ಬಿಲ್ಲಿಲ್ಲದ ಮಾಲಿಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ನಂಬರು, ಹೊಸದೋ ಹಳೆಯದೋ ಎಂಬ ಮಾತು, ವಾರಂಟಿಯ ಅವಧಿ, ಆ ವಾರಂಟಿ ಕಂಪನಿಯದೋ ಅಂಗಡಿಯದೋ ಎಂಬ ವಿವರ, ಇವು ಬರಹದಲ್ಲಿ ಇರಲೇಬೇಕು. ಲ್ಯಾಪ್‌ಟಾಪ್ ಮತ್ತು ಅದರ ಅಡಾಪ್ಟರಿನ ಮೇಲೆ ಬಿ.ಐ.ಎಸ್. ನೋಂದಣಿಯ ಗುರುತು ಉಂಟೇ ಎಂದು ನೋಡಿರಿ. ಮೋಸವಾಯಿತೆಂದು ಕಂಡರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಚಾರ್ಜರನ್ನು ಕಿತ್ತು ಅರ್ಧ ಗಂಟೆ ಓಡಿಸಿ ಬ್ಯಾಟರಿಯನ್ನು ಪರೀಕ್ಷಿಸಬೇಕು. ಎಲ್ಲ ಕೀಲಿಗಳನ್ನೂ ಒತ್ತಿ, ಎಲ್ಲ ಕಿಂಡಿಗಳಿಗೂ ಪೆನ್ ಡ್ರೈವ್ ಹಾಕಿ, ಪರದೆಯನ್ನು ಪೂರ್ತಿ ಬಿಳಿಯಾಗಿಸಿ ಕಲೆ ಉಂಟೇ ಎಂದು ನೋಡಬೇಕು. ಇದಕ್ಕೆ ಬೇಸರಪಡುವ ಅಂಗಡಿಯಿಂದ ಕೆಳಗಿಳಿಯುವುದೇ ಲೇಸು.

ಜೋಡಿಸುವಾಗ

ಯಂತ್ರವನ್ನು ಮನೆಗೆ ತಂದ ಮೇಲೆ ಮೊದಲು ನೋಡಬೇಕಾದುದು ಗೋಡೆಯ ಪ್ಲಗ್ಗನ್ನು. ಗಣಕಯಂತ್ರದ ಕಬ್ಬಿಣದ ಮೈಯನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಆ ಪ್ಲಗ್ಗಿನಲ್ಲಿ ಅರ್ತ್ ಸರಿಯಿಲ್ಲವೆಂದು ತಿಳಿದು, ಎಲೆಕ್ಟ್ರಿಷಿಯನ್ನಿಗೆ ಕೂಡಲೇ ಹೇಳಿ ಕಳುಹಿಸಬೇಕು. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ಸೇರಿಸುವ ಪದ್ಧತಿ ಪ್ರಾಣಕ್ಕೇ ಅಪಾಯ. ಹೋಟೆಲುಗಳಲ್ಲಿ ರುಬ್ಬುವ ಯಂತ್ರ ಹೊರಡುವಾಗ ದೀಪ ಮಂಕಾಗುವುದನ್ನು ನೀವು ನೋಡಿದ್ದೀರಿ. ಅದೇ ತಂತಿಯಲ್ಲಿ ಬಿಲ್ಲಿನ ಗಣಕಯಂತ್ರವೂ ಇರಬಾರದು. ಡೆಸ್ಕ್‌ಟಾಪಿಗೆ ಸಣ್ಣ ಯುಪಿಎಸ್ ಒಂದನ್ನು ಇಟ್ಟರೆ ವಿದ್ಯುತ್ ಹೋದಾಗ ಕೆಲಸವನ್ನು ಉಳಿಸಿ ಮುಚ್ಚಲು ಕೆಲವು ನಿಮಿಷ ಸಿಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಆ ಯುಪಿಎಸ್‌ಗೆ ಜೋಡಿಸಬಾರದು. ಅದು ಎಳೆಯುವ ವಿದ್ಯುತ್ತನ್ನು ಯುಪಿಎಸ್ ತಾಳಲಾರದು.

ಹೋಟೆಲಿನ ಕೊಠಡಿಗಳಲ್ಲಿ ಹತ್ತಾರು ಜನರೊಡನೆ ವಾಸಿಸುವವರು ಇಂಟರ್‌ನೆಟ್ಟಿಗೆಂದು ಬೇರೆ ಸಂಪರ್ಕ ಪಡೆಯಬೇಕಾಗಿಲ್ಲ. ಕೈಯಲ್ಲಿರುವ ಫೋನಿನ ಹಾಟ್‌ಸ್ಪಾಟಿನಿಂದಲೇ ಯಂತ್ರಕ್ಕೆ ಸಂಪರ್ಕ ಕೊಡಬಹುದು.

ರಿಪೇರಿಗೆ ಓಡುವ ಮೊದಲು

ಯಂತ್ರ ಸತ್ತಿತೆಂದು ಹೊತ್ತುಕೊಂಡು ಓಡುವ ಮುನ್ನ ತಂತಿಗಳನ್ನೆಲ್ಲ ಕಿತ್ತು ಮತ್ತೆ ಸೇರಿಸಿ ನೋಡಿರಿ. ಫ್ಯಾನು ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಅನೇಕ ವೇಳೆ ರ‍್ಯಾಮ್ ಸಡಿಲವಾಗಿರುತ್ತದೆ. ಕಡಲತಡಿಯ ಉಪ್ಪಿನ ಗಾಳಿಗೆ ಲೋಹದ ಸಂಪರ್ಕಗಳು ಮಂಕಾಗುವುದುಂಟು. ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಉಜ್ಜಿ ಮತ್ತೆ ಕೂರಿಸಿದರೆ ಯಂತ್ರವು ಕಣ್ಣು ತೆರೆಯಬಹುದು. ಪ್ರತಿಸಲವೂ ದಿನಾಂಕ ತಪ್ಪುತ್ತಿದ್ದರೆ ಒಳಗಿನ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿಯನ್ನು ಬದಲಿಸಬೇಕಾಗಿರಬಹುದು. ಅದರ ಬೆಲೆ ಅತ್ಯಲ್ಪ. ಆದರೆ ವಿದ್ಯುತ್ ಪೂರೈಸುವ ಪವರ್ ಸಪ್ಲೈ ಡಬ್ಬಿಯನ್ನು ಎಂದಿಗೂ ಬಿಚ್ಚಕೂಡದು; ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ನಿಂತಿರುತ್ತದೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬಳಸಕೂಡದು, ಚುಚ್ಚಕೂಡದು. ಅದು ಬೆಂಕಿಗೆ ಆಹ್ವಾನ.

2015ರ ಡಿಸೆಂಬರಿನ ಮಹಾಪೂರವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡ ನಗರವಿದು. ಯಂತ್ರವನ್ನು ನೆಲದ ಮೇಲೆ ಇಡಬೇಡಿರಿ. ನೀರು ಹೊಕ್ಕ ಯಂತ್ರವನ್ನು “ಒಮ್ಮೆ ನೋಡೋಣ” ಎಂದು ಹಚ್ಚುವುದರಿಂದಲೇ ಅದು ಶಾಶ್ವತವಾಗಿ ಕೆಡುತ್ತದೆ.

ಮತ್ತೆ ಕೊಳ್ಳಲಾಗದ ವಸ್ತು

ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಅದರೊಳಗಿದ್ದ ತಾಯಿಯ ಭಾವಚಿತ್ರ, ಮಗಳ ಅಂಕಪಟ್ಟಿ, ಐದು ವರ್ಷದ ಲೆಕ್ಕ, ಇವನ್ನು ರಿಚ್ಚಿ ಸ್ಟ್ರೀಟಿನ ಯಾವ ಅಂಗಡಿಯೂ ಮಾರುವುದಿಲ್ಲ. ಡಿಸ್ಕು ಕೆಟ್ಟ ಮೇಲೆ ಅದರ ಮಾಹಿತಿಯನ್ನು ಹೊರತೆಗೆಯಲು ಕೊಡಬೇಕಾದ ಹಣವು ಕೆಲವೊಮ್ಮೆ ಯಂತ್ರದ ಬೆಲೆಯನ್ನೂ ಮೀರುತ್ತದೆ. ಕೊಟ್ಟರೂ ಸಿಕ್ಕೀತೆಂಬ ಭರವಸೆಯಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಿಂದ ಫಲವೇನು? ಸಂಬಳದ ದಿನ ಊರಿಗೆ ಹಣ ಕಳುಹಿಸುವುದನ್ನು ನಾವು ಮರೆಯುವುದಿಲ್ಲ. ಅದೇ ದಿನ ಮುಖ್ಯ ಕಡತಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಬೇರೆಯಾಗಿ ಇಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳೋಣ. ರಿಪೇರಿಗೆ ಕೊಡುವ ಮೊದಲು ಬ್ಯಾಂಕಿನ ಮತ್ತು ಆಧಾರ್ ಕಡತಗಳನ್ನು ಪ್ರತಿ ಮಾಡಿಕೊಂಡು ಅಳಿಸಿಬಿಡಬೇಕು. ಸಾಧ್ಯವಿದ್ದಲ್ಲಿ ಡಿಸ್ಕನ್ನೇ ತೆಗೆದು ಮನೆಯಲ್ಲಿಟ್ಟುಕೊಳ್ಳಬೇಕು.

ಬೆವರಿನಿಂದ ಬಂದ ಹಣಕ್ಕೆ ಬೆಲೆ ಬರುವುದು ವಿಚಾರಿಸಿ ಕೊಂಡಾಗ. ಅಂಕೆಯನ್ನು ಓದಿರಿ, ಬಿಲ್ಲನ್ನು ಕೇಳಿರಿ, ಅರ್ತ್ ಇದೆಯೇ ನೋಡಿರಿ, ಪ್ರತಿಯನ್ನು ಇಟ್ಟುಕೊಳ್ಳಿರಿ. ಮನೆಯಲ್ಲಿ ಓದುವ ಮಗುವಿದ್ದರೆ ಅಂಗಡಿಗೆ ಅದನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿರಿ. ಯಂತ್ರವನ್ನು ಹೆಚ್ಚಾಗಿ ಬಳಸುವ ಕೈಯೇ ಅದನ್ನು ಪರೀಕ್ಷಿಸಲಿ.