ನಾಯಕನ ಜೊತೆಗಾರ

1930ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಒಂದೇ ಟಿಕೇಟಿಗೆ ಎರಡು ಚಿತ್ರಗಳನ್ನು ತೋರಿಸುವ ರೂಢಿ ಬೆಳೆಯಿತು. ಮುಖ್ಯ ಚಿತ್ರದ ಜೊತೆಗೆಂದು, ಅಲ್ಪ ವೆಚ್ಚದಲ್ಲಿ, ಸುಮಾರು ಒಂದು ಗಂಟೆಯ ದನಗಾಹಿ ವೀರರ ಕಥೆಗಳು ತಯಾರಾದವು. ಕುದುರೆ, ಬಂದೂಕು, ಬಂಡೆಗಾಡು, ಇವೇ ಅವುಗಳ ಬಂಡವಾಳ. ಜೀನ್ ಆಟ್ರಿ ಹಾಡುತ್ತ ಕುದುರೆಯೇರಿ ಬಂದರೆ, ಸ್ಮೈಲಿ ಬರ್ನೆಟ್ ನಗಿಸುತ್ತ ಜೊತೆಗೆ ಬರುತ್ತಿದ್ದರು. ನಾಯಕನು ಎದೆಗುಂದುವಂತಿಲ್ಲ, ಹೆದರುವುದು, ಎಡವುವುದು ಜೊತೆಗಾರನ ಪಾಲು.

ಕನ್ನಡದ ಸಾಹಸಚಿತ್ರಗಳೂ ಈ ಮರ್ಮವನ್ನು ಬಲ್ಲವು. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ತೆರೆಗೆ ತಂದಿತು. ಅದರ ಮಾದರಿ ಜೇಮ್ಸ್ ಬಾಂಡ್ ಚಿತ್ರಗಳು. ಅವುಗಳ ಅಪಾರ ವೆಚ್ಚವು ಅಂದಿನ ಕನ್ನಡ ಚಿತ್ರರಂಗದ ಅಳವಿಗೆ ಮೀರಿದ್ದು. ಆದರೆ ಕಪ್ಪುಬಿಳುಪಿನ ಈ ಚಿತ್ರಕ್ಕೆ ಹಣದಿಂದ ಕೊಳ್ಳಲಾಗದ ಸಂಪತ್ತೊಂದಿತ್ತು: ಪತ್ತೇದಾರ ರಾಜಕುಮಾರರ ಜೊತೆಗೆ ನರಸಿಂಹರಾಜು. ರಂಗಭೂಮಿಯಲ್ಲಿ ಪಳಗಿದ ಈ ಇಬ್ಬರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿಯೇ ಒಟ್ಟಿಗೆ ನಟಿಸಿದ್ದರು. ಒಬ್ಬರ ಗಾಂಭೀರ್ಯಕ್ಕೆ ಇನ್ನೊಬ್ಬರ ಹಾಸ್ಯವು ಒರೆಗಲ್ಲಾಯಿತು.

ಭಿತ್ತಿಪತ್ರದಲ್ಲಿ ನಾಯಕನ ಮುಖವೇ ದೊಡ್ಡದು. ಆದರೆ ಪ್ರೇಕ್ಷಕನು ತನ್ನನ್ನು ಕಂಡುಕೊಳ್ಳುವುದು ಅಂಜುತ್ತಲೇ ಹಿಂಬಾಲಿಸುವ ಜೊತೆಗಾರನಲ್ಲಿ. ಭಯವಿಲ್ಲದವನು ಮುನ್ನುಗ್ಗುವುದು ಸಹಜ. ಭಯವಿದ್ದೂ ಗೆಳೆಯನನ್ನು ಬಿಟ್ಟು ಓಡದಿರುವುದೂ ಶೌರ್ಯವೇ. 1979ರಲ್ಲಿ ನಿಧನರಾದ ನರಸಿಂಹರಾಜು ಇಂದಿಗೂ ಜನಮನದಲ್ಲಿ ‘ಹಾಸ್ಯ ಚಕ್ರವರ್ತಿ’ಯಾಗಿಯೇ ಉಳಿದಿದ್ದಾರೆ.