ನೆಲದ ಮೇಲೊಂದು ಹಡಗು

ಹಡಗಿನ ಮೇಲೆ ವಿಮಾನವನ್ನಿಳಿಸುವ ವಿದ್ಯೆಯನ್ನು ಮೊದಲು ನೆಲದ ಮೇಲೆಯೇ ಕಲಿಯಬೇಕು. ಗದಗಿನಿಂದ ಹುಬ್ಬಳ್ಳಿ, ಲೋಂಡಾಗಳ ಮೂಲಕ ವಾಸ್ಕೋಗೆ ಹೋಗುವ ರೈಲುಮಾರ್ಗ ಕೊನೆಗಾಣುವ ಮುನ್ನ ಗೋವೆಯ ದಾಬೋಲಿಮ್ ಸಿಗುತ್ತದೆ. ಅಲ್ಲಿನ ನೌಕಾದಳದ ವಿಮಾನನೆಲೆ ‘ಹಂಸ’ದಲ್ಲಿ ವಿಮಾನವಾಹಕ ನೌಕೆಯ ಡೆಕ್ಕಿನ ಪ್ರತಿರೂಪವಿದೆ. ವಿಮಾನವನ್ನು ಮೇಲಕ್ಕೆ ಚಿಮ್ಮಿಸುವ ಬಾಗಿದ ಏರು ಅದರ ಒಂದು ಭಾಗ. ಓಡುದಾರಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗ ಇನ್ನೊಂದು. ಇಳಿಯುವ ವಿಮಾನದ ಬಾಲದ ಕೊಕ್ಕೆ ಈ ಹಗ್ಗವನ್ನು ಹಿಡಿಯಬೇಕು.

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಬೆಳೆದು ಸಮುದ್ರವನ್ನೇ ಕಾಣದ ವಿದ್ಯಾರ್ಥಿಯೂ ಇಲ್ಲಿನ ಲೆಕ್ಕವನ್ನು ಮಾಡಬಲ್ಲನು. ವಿಮಾನದ ವೇಗ ಸೆಕೆಂಡಿಗೆ 70 ಮೀಟರ್, ನಿಲ್ಲಲು ದೊರೆಯುವ ದೂರ 90 ಮೀಟರ್ ಎಂದಿಟ್ಟುಕೊಳ್ಳೋಣ. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದರೆ ಸುಮಾರು 27 ಬರುತ್ತದೆ. ಅಂದರೆ ಗುರುತ್ವದ ಮೂರರಷ್ಟಕ್ಕೆ ತುಸು ಕಡಿಮೆಯಾದ ಎಳೆತ! ಎಲ್ಲವೂ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ.

ನೌಕೆಯ ಮೇಲಾದರೋ? ನೌಕೆ ಗಾಳಿಗೆ ಇದಿರಾಗಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಾಗುತ್ತಿದ್ದರೆ, ಅದಕ್ಕೆ ಸಾಪೇಕ್ಷವಾಗಿ ವಿಮಾನದ ವೇಗ 60 ಮಾತ್ರ. ಎಳೆತ 27ರಿಂದ 20ಕ್ಕೆ ಇಳಿಯುತ್ತದೆ. ಆದುದರಿಂದ ಹಗ್ಗಕ್ಕೂ ಕೊಕ್ಕೆಗೂ ಗಾಳಿಯಿಲ್ಲದ ದಿನದ ನೆಲವೇ ಹೆಚ್ಚು ನಿಷ್ಠುರ. ಇದು ಸ್ವಾರಸ್ಯಕರವಲ್ಲವೆ?

ಚಾಲಕನ ಪಾಲಿಗೆ ಮಾತ್ರ ಕಡಲೇ ಕಠಿಣ. ನೆಲ ಓಲಾಡುವುದಿಲ್ಲ, ಡೆಕ್ಕು ಅಲೆಗಳೊಡನೆ ಏರುತ್ತದೆ, ಇಳಿಯುತ್ತದೆ, ವಾಲುತ್ತದೆ. ಸಾಮಾನ್ಯ ವಿಮಾನವು ನೆಲ ಮುಟ್ಟುವ ಮುನ್ನ ಮೂತಿಯನ್ನೆತ್ತಿ ಮೆಲ್ಲಗೆ ಕೂಡುತ್ತದೆ. ಇಲ್ಲಿ ಹಾಗಿಲ್ಲ, ಒಂದೇ ಇಳಿಜಾರಿನಲ್ಲಿ ಬಂದು ಡೆಕ್ಕನ್ನು ಬಲವಾಗಿ ಅಪ್ಪಳಿಸಬೇಕು. ಚಕ್ರ ತಾಗಿದೊಡನೆ ಎಂಜಿನ್ನಿಗೆ ಪೂರ್ಣಶಕ್ತಿ ಕೊಡಬೇಕು! ನಿಲ್ಲಬೇಕಾದಾಗ ಇದೇಕೆಂದರೆ, ಕೊಕ್ಕೆ ಹಗ್ಗವನ್ನು ತಪ್ಪಿಸಿಕೊಂಡರೆ ಮರಳಿ ಹಾರಲೇಬೇಕು, ಮುಂದಿರುವುದು ನೀರು. ದಾಬೋಲಿಮ್‌ನಲ್ಲಿ ತಪ್ಪಿದವನ ಮುಂದೆ ಇನ್ನೂ ಓಡುದಾರಿ ಉಳಿದಿರುತ್ತದೆ.

ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾಮಾದರಿ ಈ ಏರಿನಿಂದ ಮೊದಲು ಚಿಮ್ಮಿದ್ದು 2014ರ ಡಿಸೆಂಬರ್ 20ರಂದು. ಹಗ್ಗ ಹಿಡಿದು ನಿಲ್ಲುವ ವಿದ್ಯೆ ಇನ್ನೂ ಸುಮಾರು ಐದು ವರ್ಷ ಕಾಯಿಸಿತು. ಅದು ಇಲ್ಲಿ ಸಿದ್ಧಿಸಿದ್ದು 2019ರ ಸೆಪ್ಟೆಂಬರ್ 13ರಂದು. ಅನಂತರ ನಾಲ್ಕೇ ತಿಂಗಳಲ್ಲಿ, 2020ರ ಜನವರಿ 11ರಂದು, ಸುಮಾರು 284 ಮೀಟರ್ ಉದ್ದದ ‘ವಿಕ್ರಮಾದಿತ್ಯ’ ನೌಕೆಯ ಮೇಲೆ, ನಡುಗಡಲಿನಲ್ಲಿ, ಅದೇ ಮಾದರಿಯ ವಿಮಾನದ ಕೊಕ್ಕೆ ಹಗ್ಗವನ್ನು ಹಿಡಿಯಿತು.