ಗೋಡೆಯ ಚಾರ್ಟಿನ ಅಂಕಿಗಳನ್ನು ತಿದ್ದುವವರು

2024ರ ಅಕ್ಟೋಬರ್‌ನಲ್ಲಿ ಆವರ್ತ ಕೋಷ್ಟಕದ ಮೂರು ಧಾತುಗಳ ಪರಮಾಣು ತೂಕ ಬದಲಾಯಿತು. ಗ್ಯಾಡೊಲಿನಿಯಂ 157.25ರಿಂದ 157.249ಕ್ಕೆ, ಲುಟೀಷಿಯಂ 174.9668ರಿಂದ 174.96669ಕ್ಕೆ, ಜಿರ್ಕೋನಿಯಂ 91.224ರಿಂದ 91.222ಕ್ಕೆ. ಮುಖಪುಟಕ್ಕೆ ಬರುವ ಸುದ್ದಿ ಇದಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಇಂಧನ ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು. ಈ ತಿದ್ದುಪಡಿಯಿಂದ ಅವುಗಳಿಗೆ ಆಗುವುದು ಹೋಗುವುದು ಏನೂ ಇಲ್ಲ.

ಆದರೆ ಆ ಅಂಕಿಗಳ ಪಕ್ಕದಲ್ಲಿ ಆವರಣದೊಳಗೆ ಇನ್ನೊಂದು ಪುಟ್ಟ ಅಂಕಿ ಇರುತ್ತದೆ. ಲೆಕ್ಕ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂದು ಹೇಳುವ ಅಂಕಿ ಅದು. ಗ್ಯಾಡೊಲಿನಿಯಂ ವಿಷಯದಲ್ಲಿ ಆ ಹೆಚ್ಚುಕಮ್ಮಿ 0.03ರಿಂದ 0.002ಕ್ಕೆ ಇಳಿಯಿತು. ಅಳತೆ ಚೊಕ್ಕವಾದದ್ದರ ಗುರುತು. ಜಿರ್ಕೋನಿಯಂ ವಿಷಯದಲ್ಲಿ ಅದು 0.002ರಿಂದ 0.003ಕ್ಕೆ ಏರಿತು! ಹಿಂದೆ ಹೇಳಿದಷ್ಟು ಖಚಿತವಾಗಿ ಈಗ ಹೇಳಲಾಗದು ಎಂದು ತಜ್ಞರು ಒಪ್ಪಿ, ಅಚ್ಚು ಹಾಕಿಸಿದರು. ನನ್ನ ಮಟ್ಟಿಗೆ ಈ ಸುದ್ದಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಪರಮಾಣು ತೂಕಗಳನ್ನು ತಿದ್ದುವ ಅಂತರರಾಷ್ಟ್ರೀಯ ಸಮಿತಿ ಶುರುವಾದದ್ದು 1899ರಲ್ಲಿ. ಅದಕ್ಕೂ ಮೊದಲು ಒಂದೊಂದು ದೇಶದ ರಸಾಯನಶಾಸ್ತ್ರಜ್ಞರ ಕೈಯಲ್ಲಿ ಒಂದೊಂದು ಪಟ್ಟಿ. ಒಂದೇ ಸರಕನ್ನು ಎರಡು ಪಟ್ಟಿ ಹಿಡಿದು ಪರೀಕ್ಷಿಸಿದರೆ ಫಲಿತಾಂಶವೂ ಎರಡು; ವ್ಯಾಪಾರದಲ್ಲಿ ಇದು ಜಗಳಕ್ಕೆ ದಾರಿ. ಈಗ ಈ ಸಮಿತಿ ಇರುವುದು 1919ರಲ್ಲಿ ಹುಟ್ಟಿದ ಐಯುಪ್ಯಾಕ್ ಎಂಬ ವಿಶ್ವ ರಸಾಯನಶಾಸ್ತ್ರ ಒಕ್ಕೂಟದ ಆಶ್ರಯದಲ್ಲಿ. ನಮ್ಮ ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಸಿ.ಎನ್.ಆರ್. ರಾವ್ 1985ರಿಂದ 87ರವರೆಗೆ ಈ ಒಕ್ಕೂಟದ ಅಧ್ಯಕ್ಷರಾಗಿದ್ದರು. ಇಲ್ಲಿನ ಸಮಿತಿಗಳಲ್ಲಿ ಕೂರುವ ವಿಜ್ಞಾನಿಗಳಿಗೆ ಇದು ಸಂಬಳದ ನೌಕರಿಯಲ್ಲ, ತಮ್ಮ ಪ್ರಯೋಗಾಲಯದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಮಾಡುವ ಸೇವೆ.

ತೂಕ ಒಮ್ಮೆ ಅಳೆದರೆ ಮುಗಿಯಿತಲ್ಲ, ಪದೇ ಪದೇ ಯಾಕೆ? ಈ ಪ್ರಶ್ನೆಗೆ ಉತ್ತರ ಸೀಸದಲ್ಲಿ ಸಿಕ್ಕಿತು. ಹಾರ್ವರ್ಡ್‌ನ ಥಿಯೋಡರ್ ರಿಚರ್ಡ್ಸ್ ಪರಮಾಣು ತೂಕಗಳನ್ನು ಅಳೆಯುವುದರಲ್ಲೇ ಬದುಕು ಸವೆಸಿದವರು. ಆ ಕೆಲಸಕ್ಕೇ ಅವರಿಗೆ 1914ರ ನೊಬೆಲ್ ಬಂತು. ಅದೇ ವರ್ಷ ಅವರು ಯುರೇನಿಯಂ ಅದಿರಿನಲ್ಲಿ ಸಿಕ್ಕ ಸೀಸವನ್ನು ತೂಗಿದರು. ಅದು ಮಾಮೂಲಿ ಸೀಸಕ್ಕಿಂತ ಹಗುರವಾಗಿತ್ತು. ರಾಸಾಯನಿಕವಾಗಿ ಎರಡೂ ಸೀಸವೇ. ಆದರೆ ಯುರೇನಿಯಂ ಸವೆದು ಸವೆದು ಉಳಿಯುವ ಸೀಸದ ಪರಮಾಣುಗಳ ತೂಕವೇ ಬೇರೆ. ಒಂದೇ ಧಾತುವಿನಲ್ಲಿ ಬೇರೆ ಬೇರೆ ತೂಕದ ಪರಮಾಣುಗಳಿರುತ್ತವೆ, ಅವೇ ಐಸೊಟೋಪ್‌ಗಳು. ಅವು ಎಷ್ಟೆಷ್ಟು ಬೆರೆತಿವೆ ಎನ್ನುವುದು ವಸ್ತು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ.

ಈ ಮಾತು ಗೋಡೆಯ ಚಾರ್ಟಿಗೆ ಇಳಿಯಲು ಸುಮಾರು ಒಂದು ಶತಮಾನ ಹಿಡಿಯಿತು. 2010ರಲ್ಲಿ ಸಮಿತಿ ಹತ್ತು ಧಾತುಗಳಿಗೆ ಒಂಟಿ ಅಂಕಿಯನ್ನು ಕೈಬಿಟ್ಟು ‘ಇಷ್ಟರಿಂದ ಇಷ್ಟು’ ಎಂಬ ವ್ಯಾಪ್ತಿಯನ್ನು ಕೊಟ್ಟಿತು. ಜಲಜನಕ 1.00784ರಿಂದ 1.00811, ಇಂಗಾಲ 12.0096ರಿಂದ 12.0116. ಮುಂದೆ ಸೀಸವೂ ಆ ಪಟ್ಟಿಗೆ ಸೇರಿತು: 206.14ರಿಂದ 207.94.

ಇದು ಪ್ರಯೋಗಾಲಯದ ಮಡಿವಂತಿಕೆ ಅನ್ನಿಸಿದರೆ ನಮ್ಮ ಊಟದ ತಟ್ಟೆಯನ್ನು ನೋಡಬಹುದು. ಭತ್ತ, ಗೋಧಿಯಂಥ ಗಿಡಗಳು ಗಾಳಿಯಿಂದ ಇಂಗಾಲ ಹೀರುವಾಗ ಹಗುರ ಪರಮಾಣುಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಇಂಗಾಲ ಹಿಡಿಯುವ ಕ್ರಮ ಬೇರೆ. ಅವು ಅಷ್ಟೊಂದು ಆರಿಸುವುದಿಲ್ಲ. ಹೀಗಾಗಿ ಮುದ್ದೆಯಲ್ಲಿರುವ ಇಂಗಾಲ ಅನ್ನದಲ್ಲಿರುವ ಇಂಗಾಲಕ್ಕಿಂತ ಕೂದಲೆಳೆಯಷ್ಟು ಭಾರ. ಜೇನಿನ ಕಲಬೆರಕೆ ಹಿಡಿಯುವ ಒಂದು ಪರೀಕ್ಷೆ ನಿಂತಿರುವುದು ಈ ಕೂದಲೆಳೆಯ ಮೇಲೆಯೇ. ಜೇನ್ನೊಣ ಮಕರಂದ ತರುವ ಹೂಗಳು ಬಹುಪಾಲು ಭತ್ತದಂತೆಯೇ ಇಂಗಾಲ ಹಿಡಿಯುವ ಗಿಡಗಳವು. ಬಾಟಲಿಗೆ ಕಬ್ಬಿನ ಸಕ್ಕರೆ ಪಾಕ ಸೇರಿದರೆ ಇಂಗಾಲದ ಲೆಕ್ಕ ಭಾರದ ಕಡೆಗೆ ವಾಲುತ್ತದೆ, ಗುಟ್ಟು ರಟ್ಟಾಗುತ್ತದೆ. ಅಕ್ಕಿಯಿಂದ ಮಾಡಿದ ಸಿರಪ್ ಬೆರೆಸಿದವನು ಮಾತ್ರ ಈ ಬಲೆಗೆ ಬೀಳುವುದಿಲ್ಲ. ಅವನಿಗೆ ಬೇರೆ ಪರೀಕ್ಷೆಯೇ ಬೇಕು.

ಲೆಕ್ಕ ಬಿಡಿಸಲು ಮಕ್ಕಳಿಗೆ ಒಂದೇ ಅಂಕಿ ಬೇಕು, ನಿಜ. ಅದಕ್ಕೆಂದೇ ಇಂಗಾಲಕ್ಕೆ 12.011 ಎಂಬ ರೂಢಿಯ ಅಂಕಿಯನ್ನೂ ಸಮಿತಿ ಉಳಿಸಿದೆ. ಆದರೂ ಆ ಅಂಕಿಯ ಹಿಂದೆ ರಾಗಿ ಹೊಲವೂ ಗದ್ದೆಯೂ ಇವೆ ಎಂದು ಯಾರಾದರೂ ಪಿಯುಸಿ ತರಗತಿಯಲ್ಲಿ ಹೇಳಬೇಕು. ಕಂಠಪಾಠದಲ್ಲಿ ಸಿಗದ ರುಚಿ ಅಲ್ಲಿದೆ.

ಹೊಸ ಧಾತುಗಳ ಹೆಸರನ್ನು ಒಪ್ಪುವುದೂ ಐಯುಪ್ಯಾಕ್‌ನ ಕೆಲಸವೇ. ಅಲ್ಲಿ ಒಮ್ಮತ ಎಲ್ಲ ಕಾಲದಲ್ಲೂ ಸುಲಭವಾಗಿ ಆಗಿಲ್ಲ. ಶೀತಲ ಸಮರದ ದಿನಗಳಲ್ಲಿ 104ನೇ ಧಾತುವಿಗೆ ಸೋವಿಯತ್‌ನ ಡುಬ್ನಾ ಪ್ರಯೋಗಾಲಯದವರು ಒಂದು ಹೆಸರಿಟ್ಟರು, ಅಮೆರಿಕದ ಬರ್ಕ್ಲಿಯವರು ಇನ್ನೊಂದು. ಬದುಕಿರುವವರ ಹೆಸರು ಬೇಡವೆಂದು ಐಯುಪ್ಯಾಕ್ 1994ರಲ್ಲಿ 106ನೇ ಧಾತುವಿಗೆ ಅಮೆರಿಕನ್ನರು ಸೂಚಿಸಿದ್ದ ತಮ್ಮ ವಿಜ್ಞಾನಿ ಗ್ಲೆನ್ ಸೀಬೋರ್ಗ್ ಹೆಸರನ್ನು ಪಕ್ಕಕ್ಕಿಟ್ಟಾಗ ಅವರು ಕೆರಳಿದರು. 1997ರಲ್ಲಿ ರಾಜಿಯಾಯಿತು: 104 ರುದರ್‌ಫೋರ್ಡಿಯಂ, 105 ಡುಬ್ನಿಯಂ, 106 ಸೀಬೋರ್ಗಿಯಂ.

ಆಮೇಲೆ ಜಗಳ ತಗ್ಗಿತು, ತಾಳ್ಮೆಯ ಬೇಡಿಕೆ ಏರಿತು. ಜಪಾನಿನ ರಿಕೆನ್ ಸಂಸ್ಥೆಯ ಕೊಸುಕೆ ಮೊರಿತಾ ತಂಡ ಬಿಸ್ಮತ್ ಮೇಲೆ ಸತುವಿನ ನ್ಯೂಕ್ಲಿಯಸ್‌ಗಳನ್ನು ಹಾಯಿಸಿ 113ನೇ ಧಾತುವಿನ ಮೂರೇ ಮೂರು ಪರಮಾಣುಗಳನ್ನು ಕಂಡಿತು: 2004, 2005 ಮತ್ತು 2012ರಲ್ಲಿ. ರಸಾಯನ ಮತ್ತು ಭೌತ ಒಕ್ಕೂಟಗಳೆರಡೂ ಸೇರಿ ಪುರಾವೆಯನ್ನು ಜರಡಿ ಹಿಡಿದವು. ಹೆಸರನ್ನು ಐದು ತಿಂಗಳು ಸಾರ್ವಜನಿಕರ ಮುಂದಿಟ್ಟು, 2016ರ ನವೆಂಬರ್ 28ರಂದು ನಿಹೋನಿಯಂ ಎಂದು ಒಪ್ಪಲಾಯಿತು.

ಈಗ ಹಲವರ ಕಣ್ಣು 120ನೇ ಧಾತುವಿನ ಮೇಲೆ. 2024ರಲ್ಲಿ ಬರ್ಕ್ಲಿಯವರು ಟೈಟಾನಿಯಂ ಕಿರಣವನ್ನು ಪ್ಲುಟೋನಿಯಂಗೆ ಹಾಯಿಸಿ, 22 ದಿನಗಳಲ್ಲಿ 116ನೇ ಧಾತು ಲಿವರ್ಮೋರಿಯಂನ ಎರಡು ಪರಮಾಣುಗಳನ್ನು ಪಡೆದರು. ಮೊದಲೇ ಗೊತ್ತಿದ್ದ ಧಾತುವನ್ನು ಹೊಸ ದಾರಿಯಲ್ಲಿ ಮಾಡಿ ನೋಡಿದ್ದು, ಆ ದಾರಿ ನಂಬಬಹುದಾದದ್ದೇ ಎಂದು ತಿಳಿಯಲು. 120ಕ್ಕಾಗಿ ಅದೇ ಕಿರಣವನ್ನು ಮುಂದೆ ಹಾಯಿಸಬೇಕಾದದ್ದು ಕ್ಯಾಲಿಫೋರ್ನಿಯಂಗೆ, ಅದಕ್ಕೆ ಹತ್ತು ಪಟ್ಟು ಸಮಯ ಹಿಡಿಯಬಹುದೆಂದು ತಂಡದ ಅಂದಾಜು. ಸಿಕ್ಕರೆ 120ನೇ ಧಾತುವಿನ ಜಾಗ ರೇಡಿಯಂನ ಕೆಳಗೆ, ಕೋಷ್ಟಕದಲ್ಲಿ ಇನ್ನೂ ಶುರುವಾಗದ ಎಂಟನೇ ಸಾಲಿನಲ್ಲಿ.